ಒಂದು ಮಗ್ಗುಲು ಚಪ್ಪಟೆ

ಸೇತುವೆ ಆದ ವರ್ಷ ದೋಣಿ ಬರಿದಾಯಿತು.
ಗುತ್ತಿಗೆದಾರ ಎಂಜಿನ್ ಬಿಚ್ಚಿಕೊಂಡು ಹೋದ,
ಬಾಕಿ ಕೂಲಿಗೆ ಬದಲಾಗಿ ದೋಣಿಯ ಖಾಲಿ ಹೊಟ್ಟೆ ನನಗೆ ಬಿಟ್ಟ.
ಅಂದಿನಿಂದ ಹೇಮಾವತಿಯ ಹಿನ್ನೀರೇ ನನ್ನ ಬೀದಿ.
ಹಲಗೆಯ ಮೇಲೆ ಒಲೆ, ಚಾಪೆ, ಕಾಲಲ್ಲಿ ತುಳಿಯುವ ಲೇತು.
ಹೊಳೆನರಸೀಪುರದಲ್ಲಿ ತೊಟ್ಟಿಲ ಕಾಲು ಕಡೆಯುವ ಮುದ್ದಯ್ಯಾಚಾರಿ
ಹಳೇ ಹೊಲಿಗೆ ಯಂತ್ರದ ಚಕ್ರ ಸೇರಿಸಿ ಕಟ್ಟಿಕೊಟ್ಟದ್ದು.

ಮರಕ್ಕೆ ನಾನು ಕಾಡಿಗೆ ಹೋಗುವುದಿಲ್ಲ.
ಯುಗಾದಿ ಕಳೆದು ನೀರು ಇಳಿದಾಗ
ಮುಳುಗಿದ ಹೊಲಗಳ ಬದುವಿನಲ್ಲಿ
ಹಲಸು, ಹೊನ್ನೆ, ಹುಣಸೆಯ ಬೊಡ್ಡೆಗಳು
ಮಂಡಿಯುದ್ದ ಎದ್ದು ನಿಲ್ಲುತ್ತವೆ.
ಬೀಟೆ ಕಂಡರೆ ಮುಟ್ಟುವುದಿಲ್ಲ,
ಫಾರೆಸ್ಟಿನವರಿಗೆ ಈಜೂ ಬರುತ್ತದೆ.

ಹೊರಗೆ ಮುಟ್ಟಿದರೆ ಉದುರುತ್ತದೆ, ಒಳಗೆ ಕಬ್ಬಿಣ.
ಉಳಿ ಕೊಟ್ಟರೆ ಮೊದಲ ಸುರುಳಿಗೆ ಮೀನಿನ ವಾಸನೆ,
ಎರಡನೆಯದಕ್ಕೆ ಗದ್ದೆಯ ಕೆಸರು,
ಆಮೇಲೆ ಬರೀ ಮರದ್ದು.
ನೀರಿನ ಮೇಲೆ ಕೂತು ಮರ ಒಣಗಿಸುವವನು ಅಂತ
ಬಲೆಯ ಸೀಮೋನಪ್ಪ ನಗುತ್ತಾನೆ.
ನಗಲಿ. ಅವನ ದೋಣಿಗೆ ಡಾಂಬರು ಬಳಿಯುವವನು ನಾನೇ.

ಬೇಸಗೆಯಲ್ಲಿ ದೋಣಿ ಕೆಸರಲ್ಲಿ ಕೂರುತ್ತದೆ,
ಆಗ ಕಡೆದ ಪೆನ್ನು ನೇರ.
ಆಷಾಢದ ಪೆನ್ನಿನ ಸೊಂಟದಲ್ಲಿ ಒಂದು ಸಣ್ಣ ಅಲೆ.
ಕಣ್ಣಿಗೆ ಕಾಣದು, ಹೆಬ್ಬೆರಳಿಗೆ ಗೊತ್ತು.
ಆಲೂರಿನ ಪತ್ರಬರಹಗಾರ ವರದಯ್ಯಂಗಾರ್ರು
ಅದನ್ನೇ ಹುಡುಕಿ ಕೊಳ್ಳುತ್ತಾರೆ:
ಕ್ರಯಪತ್ರ ಬರೆಯುವಾಗ ಕೈ ಎಚ್ಚರ ಇರುತ್ತದಂತೆ.

ಮಸಿ ತುಂಬಿ ಕೊಟ್ಟರೆ ಎಲ್ಲರೂ ಬರೆಯುವುದು ಒಂದೇ.
ಪರೀಕ್ಷೆಯ ನೋಟುಪುಸ್ತಕದ ತುಂಬ ಹೆಸರುಗಳು.
ಫಿಲೋಮಿನಾ ಟೀಚರ್, ಕೆಳಗೆ ಗೆರೆ ಎಳೆದು.
ಅಂಚೆಯವನು ಹೆಸರು ಬಿಟ್ಟು ಪಿನ್ ಕೋಡು.
ಕಟ್ಟಾಯದ ಹುಡುಗನೊಬ್ಬ ಒಂದು ಬೈಗುಳ,
ಅದರ ಪಕ್ಕ ಗುಲಾಬಿ.

ಜಪಮಾಲಮ್ಮ ಬಂದಳು ಒನಕೆಯ ತುಂಡು ಹಿಡಿದು.
ಊರು ಬಿಡುವಾಗ ಗಾಡಿಯಲ್ಲಿ ಜಾಗವಿದ್ದದ್ದು ಅದಕ್ಕೊಂದಕ್ಕೇ,
ಒರಳು ಕಲ್ಲು, ಯಾರು ಹೊರಬೇಕು?
ಮೊಮ್ಮಗಳ ಪರೀಕ್ಷೆಗೆ ಪೆನ್ನು ಆಗಬೇಕು ಅಂದಳು.
ಭತ್ತ ಕುಟ್ಟಿ ಕುಟ್ಟಿ ನುಣುಪಾದ ಮರಕ್ಕೆ
ಉಪ್ಪುಕಾಗದ ಮುಟ್ಟಿಸಲು ನಾಚಿಕೆಯಾಯಿತು.

ಬರೆದು ನೋಡಿ ಅಂದೆ, ಮರೆತು.
ಓದು ಬಾರದವಳು ಸುಮ್ಮನೆ ಒಂದು ಸೊನ್ನೆ ಸುತ್ತಿದಳು,
ಅದರಿಂದ ಒಂದು ಗೆರೆ, ಗೆರೆಯ ತುದಿಗೆ ಚುಕ್ಕೆ.
'ಇದು ಬಾವಿ. ಇದು ಹಾದಿ.
ಇದು ನಮ್ಮ ಹಿತ್ತಲ ಒರಳು.'
ಕತ್ತೆತ್ತಿ ಚರ್ಚಿನ ಗೋಪುರ ನೋಡಿ, ದಡ ನೋಡಿ,
ಬೆರಳಲ್ಲಿ ಏನೋ ಅಳೆದಳು.
'ನೀನೀಗ ಕೂತಿರೋದು ಬಾವಿಯಿಂದ ಮೂರು ಮಾರು, ಇನಾಸಪ್ಪ.'

ಅಷ್ಟರಲ್ಲಿ ಸೀಮೋನಪ್ಪನ ದೋಣಿ ಪಕ್ಕದಲ್ಲಿ ಹಾಯಿತು.
ಹಲಗೆ ವಾಲಿತು.
ಪೆನ್ನು ಉರುಳಿತು, ತಡವರಿಸಲೂ ಇಲ್ಲ,
ಅಂಚಿಗೆ ಹೋಗಿ ಬುಳುಕ್ ಅಂದಿತು.

ಮೂರು ಸಲ ಮುಳುಗಿದೆ. ಮುಷ್ಟಿ ತುಂಬ ಗೋಡು,
ಒಂದು ಹಂಚಿನ ಚೂರು.
ನೀರು ಸುರಿಸುತ್ತ ನಿಂತವನನ್ನು ನೋಡಿ
ಅವಳು ಸೆರಗು ಬಾಯಿಗೆ ಒತ್ತಿದಳು. ಅಳು ಅಂದುಕೊಂಡೆ.
'ಹೋಗ್ಲಿ ಬಿಡು,' ಅಂದಳು, ನಗು ತಡೆಯಲಾರದೆ,
'ಒರಳಿಗೆ ಒನಕೆ ಬೇಡವೇನೋ ಪಾಪ.'

ಉಳಿದ ತುಂಡಲ್ಲಿ ಇನ್ನೊಂದು ಮಾಡಿದೆ.
ಈ ಸಲ ಕಡೆದ ಮೇಲೆ ಅರ ಹಿಡಿದು
ಒಂದು ಮಗ್ಗುಲು ಚಪ್ಪಟೆ ಮಾಡಿದೆ.

ಈಗ ನನ್ನ ಪೆನ್ನುಗಳೆಲ್ಲ ಹಾಗೆಯೇ.
ಹಾಸನದ ಅಂಗಡಿಯವನು ಕೇಳುತ್ತಾನೆ:
ಮೇಜಿನ ಮೇಲೆ ಬರೆಯುವವರಿಗೆ ಇದ್ಯಾಕೆ?
ಹಿಡಿತಕ್ಕೆ ಅನ್ನುತ್ತೇನೆ.
ನಾಲ್ಕನೇ ಕ್ಲಾಸಿಗೆ ಬಿಟ್ಟವನು ನಾನು,
ಲೆಕ್ಕವನ್ನು ಇಂದಿಗೂ ಸೀಸದಕಡ್ಡಿಯಲ್ಲೇ ಬರೆಯುತ್ತೇನೆ.